ಮಂಜು ಸರಿದರೆ ಊರು ಕಿರಿದಾಗುವುದೇಕೆ?

ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ದಕ್ಷಿಣಕ್ಕಿರುವ ಯಸಳೂರಿನ ಸುತ್ತಣ ಬೆಟ್ಟಗಳನ್ನು ಮಳೆಗಾಲದ ಮುಂಜಾನೆಯಲ್ಲಿ ನೋಡಿದವರಿಗೆ ಒಂದು ಸಂಗತಿ ಅನುಭವಕ್ಕೆ ಬಂದಿರಬೇಕು. ಮಂಜು ಕವಿದಿರುವಾಗ ಕಾಫಿ ತೋಟದ ಆಚೆಯ ಗುಡ್ಡವು ಬಹು ದೂರದ ಮಹಾಪರ್ವತದಂತೆ ತೋರುತ್ತದೆ. ಹೊತ್ತೇರಿ ಮಂಜು ಕರಗಿತೆಂದರೆ ಅದೇ ಗುಡ್ಡ ಕೈಗೆಟುಕುವಷ್ಟು ಹತ್ತಿರ ಬಂದು, 'ಇಷ್ಟೇ ತಾನೆ!' ಎನ್ನಿಸುತ್ತದೆ. ಈ ಸೀಮೆಗೂ ಮಂಜಿಗೂ ನಂಟು ಹಳೆಯದು. 1792ರ ಹೊತ್ತಿಗೆ ಟಿಪ್ಪು ಸುಲ್ತಾನನು ಸಕಲೇಶಪುರದ ಬಳಿ ಕಟ್ಟಿಸಿದ ನಕ್ಷತ್ರಾಕಾರದ ಕೋಟೆಗೆ ಮಂಜರಾಬಾದ್ ಎಂಬ ಹೆಸರು ಬಂದುದೇ ಮಂಜಿನಿಂದ ಎಂಬ ಐತಿಹ್ಯವಿದೆ.

ಗುಡ್ಡ ಬೆಳೆಯಲೂ ಇಲ್ಲ, ಕುಗ್ಗಲೂ ಇಲ್ಲ. ನಡುವಿನ ಗಾಳಿ ಮಾತ್ರ ತಿಳಿಯಾಯಿತು. ಇಂಥದೇ ಘಟನೆಯೊಂದು 2021ರ ನವೆಂಬರಿನಲ್ಲಿ ಕಂಪ್ಯೂಟರಿನೊಳಗಿನ ಒಂದು ಕಲ್ಪಿತ ನಾಡಿನಲ್ಲಿ ನಡೆಯಿತು. ಅಲ್ಲಿ ಮಂಜು ತಾನಾಗಿ ಕರಗಲಿಲ್ಲ. ಚಿತ್ರವನ್ನು ಉತ್ತಮಪಡಿಸುತ್ತೇವೆಂದು ಹೊರಟವರು ಅದನ್ನು ತೆಗೆದರು. ಆ ನಾಡನ್ನು ಇಪ್ಪತ್ತು ವರ್ಷಗಳಿಂದ ಪ್ರೀತಿಸಿಕೊಂಡು ಬಂದಿದ್ದವರು ಕೆರಳಿದರು. ಇದು ಹೇಗಾಯಿತೆಂಬುದನ್ನು ವಿಚಾರಿಸಿದರೆ ಬೆಳಕಿನ ವಿಷಯವೂ ಮನಸ್ಸಿನ ವಿಷಯವೂ ಒಟ್ಟಿಗೆ ತಿಳಿಯುತ್ತವೆ.

ನಾವು ಹೇಳುತ್ತಿರುವುದು 'ಗ್ರ್ಯಾಂಡ್ ಥೆಫ್ಟ್ ಆಟೊ', ಅರ್ಥಾತ್ ಜಿ.ಟಿ.ಎ. ಎಂಬ ವಿಡಿಯೊ ಆಟಗಳ ಮಾಲೆಯನ್ನು ಕುರಿತು. ಇದರ ಮೊದಲ ಆಟ ಹೊರಬಂದುದು 1997ರಲ್ಲಿ. ಮೇಲಿನಿಂದ ಇಣಿಕಿ ನೋಡಿದಂತೆ ಚಪ್ಪಟೆಯಾಗಿದ್ದ ಅದರ ನಗರವು 2001ರ ಮೂರನೆಯ ಆಟದಲ್ಲಿ ಉದ್ದ, ಅಗಲ, ಎತ್ತರಗಳುಳ್ಳ ನಿಜವಾದ ಪೇಟೆಯಂತಾಯಿತು. 2002ರಲ್ಲಿ 'ವೈಸ್ ಸಿಟಿ', 2004ರಲ್ಲಿ 'ಸ್ಯಾನ್ ಆಂಡ್ರಿಯಾಸ್' ಬಂದವು. ನಮ್ಮ ಊರುಗಳ ಸೈಬರ್ ಸೆಂಟರುಗಳಲ್ಲಿ ಗಂಟೆಗಿಷ್ಟು ಎಂದು ಹಣ ಕೊಟ್ಟು ಕುಳಿತವರು, ಹಾಡುಗಳನ್ನು ಕಿತ್ತು ಒಂದೇ ಸಿ.ಡಿ.ಗೆ ತುಂಬಿದ ಕಳ್ಳಪ್ರತಿಗಳನ್ನು ಕೈಯಿಂದ ಕೈಗೆ ದಾಟಿಸಿದವರು, ವಿದ್ಯುತ್ತು ಹೋದೊಡನೆ ಅರ್ಧ ದಿನದ ಆಟವನ್ನು ಕಳೆದುಕೊಂಡು ಪೆಚ್ಚಾದವರು ಈಗ ಮೂವತ್ತು ದಾಟಿದ್ದಾರೆ. ಇದು ಸೌಮ್ಯವಾದ ಆಟವೇನೂ ಅಲ್ಲ. ಕಳ್ಳತನ, ಗುಂಡೇಟುಗಳೇ ಇದರ ಕಥಾವಸ್ತು. ಯುರೋಪಿನ ವರ್ಗೀಕರಣದಲ್ಲಿ ಈ ಮೂರು ಆಯಾಮದ ಆಟಗಳಿಗೆ 18 ವರ್ಷದ ಮಿತಿಯಿದೆ. ಆ ಮಿತಿಯನ್ನು ನಮ್ಮ ಸೈಬರ್ ಸೆಂಟರುಗಳು ಎಷ್ಟರಮಟ್ಟಿಗೆ ಪಾಲಿಸಿದವೆಂಬುದನ್ನು ಕೆದಕದಿರುವುದೇ ಮೇಲು.

2021ರಲ್ಲಿ ರಾಕ್‌ಸ್ಟಾರ್ ಸಂಸ್ಥೆ ಈ ಮೂರು ಆಟಗಳನ್ನೂ ಹೊಸ ಯಂತ್ರಗಳಿಗೆ ಹೊಂದುವಂತೆ ನವೀಕರಿಸಿ ನವೆಂಬರ್ 11ರಂದು ಮಾರಾಟಕ್ಕೆ ಬಿಟ್ಟಿತು. ನವೀಕರಣದ ಕೆಲಸವನ್ನು ವಹಿಸಿದ್ದುದು ಗ್ರೋವ್ ಸ್ಟ್ರೀಟ್ ಗೇಮ್ಸ್ ಎಂಬ ಬೇರೊಂದು ಸಂಸ್ಥೆಗೆ. ಅದಕ್ಕೆ ಮೊದಲೇ, ಅಕ್ಟೋಬರಿನಲ್ಲಿ, ಹಳೆಯ ಆಟಗಳನ್ನು ಅಂತರ್ಜಾಲದ ಅಂಗಡಿಗಳಿಂದ ತೆಗೆದುಹಾಕಲಾಗಿತ್ತು. ಹೊಸದನ್ನು ತೆರೆದು ನೋಡಿದವರಿಗೆ ಮಳೆಯ ಹನಿಗಳು ಬಿಳಿಯ ಗೆರೆಗಳಾಗಿ ಕಣ್ಣಿಗೆ ಅಡ್ಡ ಬಂದವು. ಪರವಾನಗಿ ಮುಗಿದ ಕೆಲವು ಹಾಡುಗಳು ಮಾಯವಾಗಿದ್ದವು. ಎಲ್ಲಕ್ಕಿಂತ ವಿಚಿತ್ರವಾದ ಸಂಗತಿ 'ಸ್ಯಾನ್ ಆಂಡ್ರಿಯಾಸ್' ನಾಡಿನದು. ಮೂರು ಮಹಾನಗರಗಳು, ಮರುಭೂಮಿ, ಕಾಡು, ಚಿಲಿಯಾಡ್ ಎಂಬ ಪರ್ವತ ಇವೆಲ್ಲವನ್ನೂ ಒಳಗೊಂಡ ಆ ವಿಶಾಲ ದೇಶ, ಹೊಸ ಆಟದಲ್ಲಿ ಎತ್ತರದಿಂದ ನೋಡಿದರೆ ಮಕ್ಕಳು ಮೇಜಿನ ಮೇಲೆ ಜೋಡಿಸಿದ ಆಟಿಗೆಯಂತೆ ಕಾಣುತ್ತಿತ್ತು. ಒಂದು ನಗರದಿಂದ ಇನ್ನೊಂದು ನಗರ ಸ್ಪಷ್ಟವಾಗಿ ಗೋಚರಿಸುತ್ತಿತ್ತು!

ಆ ನಾಡಿನ ನಕ್ಷೆಯನ್ನು ಅಳೆದರೆ, ಸಮುದ್ರವೂ ಸೇರಿ, ಸುಮಾರು 6 ಕಿಲೋಮೀಟರ್ ಉದ್ದ, 6 ಕಿಲೋಮೀಟರ್ ಅಗಲದ ಒಂದು ಚೌಕ. ಮಲೆನಾಡಿನಲ್ಲಿ ಒಂದು ಹಳ್ಳಿಯಿಂದ ಇನ್ನೊಂದಕ್ಕೆ ಇಷ್ಟು ದೂರ ನಡೆದು ಶಾಲೆಗೆ ಹೋಗುವ ಮಕ್ಕಳನ್ನು ಕಾಣದವರಾರು? ಇಷ್ಟು ಸಣ್ಣ ಚೌಕ 2004ರಲ್ಲಿ ದೇಶದಷ್ಟು ದೊಡ್ಡದಾಗಿ ತೋರಿದ್ದು ಯಾವ ಯುಕ್ತಿಯಿಂದ?

ಆ ಆಟವನ್ನು ಮೊದಲು ರಚಿಸಿದ್ದು ಪ್ಲೇಸ್ಟೇಷನ್ 2 ಎಂಬ ಯಂತ್ರಕ್ಕಾಗಿ. ಅದರ ಮುಖ್ಯ ಸ್ಮೃತಿಯ ಗಾತ್ರ 32 ಮೆಗಾಬೈಟು. ಚಿತ್ರ ಬಿಡಿಸುವ ಭಾಗಕ್ಕೆ ಪ್ರತ್ಯೇಕವಾಗಿ 4 ಮೆಗಾಬೈಟು. ಈಗಿನ ಮೊಬೈಲ್ ಫೋನಿನಲ್ಲಿ ತೆಗೆದ ಐದಾರು ಛಾಯಾಚಿತ್ರಗಳಿಗೇ ಅಷ್ಟು ಸ್ಥಳ ಬೇಕು. ಇಡೀ ನಾಡನ್ನು ಒಮ್ಮೆಗೇ ಅದರಲ್ಲಿ ಇಡುವುದು ಅಸಾಧ್ಯ. ಆದುದರಿಂದ ನಾಡೆಲ್ಲ ತಟ್ಟೆಯಲ್ಲಿಯೇ ಇರುತ್ತದೆ. ಆಟಗಾರ ಮುಂದುವರಿದಂತೆ ಹತ್ತಿರದ ಬೀದಿ, ಮನೆ, ಮರಗಳನ್ನು ತಟ್ಟೆಯಿಂದ ಸ್ಮೃತಿಗೆ ತರಿಸಿಕೊಳ್ಳುತ್ತ, ಹಿಂದೆ ಬಿದ್ದುದನ್ನು ಅಳಿಸುತ್ತ ಹೋಗಬೇಕು. ನೀರಿನ ಅಭಾವವಿರುವ ಕಡೆ ಒಂದು ಮಡಿಯಿಂದ ಇನ್ನೊಂದು ಮಡಿಗೆ ನೀರು ತಿರುಗಿಸಿದಂತೆ ಇದು. ಹೀಗೆ ಮಾಡಿದರೂ ಒಂದು ಗೊತ್ತಾದ ದೂರದಾಚೆಗೆ ಏನನ್ನೂ ಬಿಡಿಸಲು ಯಂತ್ರಕ್ಕೆ ಬಿಡುವಿಲ್ಲ. ಆ ಗಡಿಯನ್ನು ಹಾಗೆಯೇ ಬಿಟ್ಟರೆ, ಮುಂದೆ ಹೋದಂತೆಲ್ಲ ಕಟ್ಟಡಗಳು ಶೂನ್ಯದಿಂದ ಧುತ್ತೆಂದು ಎದ್ದು ನಿಲ್ಲುತ್ತವೆ.

ಇದನ್ನು ಮರೆಮಾಡಲು ಆ ಕಾಲದ ಆಟಗಳ ರಚಕರೆಲ್ಲ ಹಿಡಿದ ಉಪಾಯ ಮಂಜು. ಇಷ್ಟು ದೂರದಿಂದ ಆರಂಭವಾಗಿ ಇಷ್ಟು ದೂರಕ್ಕೆ ಪೂರ್ಣವಾಗಬೇಕೆಂದು ಗೊತ್ತುಮಾಡಿ, ದೂರ ಹೆಚ್ಚಿದಂತೆ ವಸ್ತುವಿನ ಬಣ್ಣಕ್ಕೆ ಆಕಾಶದ ಬಣ್ಣವನ್ನು ಹೆಚ್ಚು ಹೆಚ್ಚಾಗಿ ಬೆರೆಸುವುದು. ಯಂತ್ರಕ್ಕೆ ಇದು ಒಂದು ಗುಣಾಕಾರ, ಒಂದು ಸಂಕಲನದ ಕೆಲಸ.

ನಿಸರ್ಗದ ಲೆಕ್ಕ ಸ್ವಲ್ಪ ಭಿನ್ನ. ಮಂಜೆಂದರೆ ಗಾಳಿಯಲ್ಲಿ ತೇಲುವ ನೀರಿನ ಕಿರುಹನಿಗಳು. ಅವುಗಳ ಅಡ್ಡಳತೆ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲಿನ ಆಸುಪಾಸು. ಬೆಳಕಿನ ತರಂಗಾಂತರಕ್ಕೆ ಹೋಲಿಸಿದರೆ ಇವು ಬಹು ದಪ್ಪ. ಆದುದರಿಂದ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಮೆ ಒಂದೇ ಸಮನಾಗಿ ಚೆದರಿಸುತ್ತವೆ, ಮಂಜು ಬೆಳ್ಳಗೆ ಕಾಣುತ್ತದೆ. ದೂರದ ಮರದಿಂದ ಬರುವ ಬೆಳಕು ದಾರಿಯಲ್ಲಿ ಸೋರಿಹೋಗುತ್ತದೆ. ಅದರ ಬದಲು ಹನಿಗಳು ಚೆದರಿಸಿದ ಆಕಾಶದ ಬೆಳಕು ಕಣ್ಣಿಗೆ ಸೇರುತ್ತದೆ. ಹೀಗೆ ಮರಕ್ಕೂ ಹಿನ್ನೆಲೆಗೂ ಇರುವ ಕಪ್ಪು-ಬಿಳುಪಿನ ಅಂತರ ಇಳಿಯುತ್ತ ಬರುತ್ತದೆ. ಈ ಇಳಿತದ ನಿಯಮವನ್ನು ಜರ್ಮನಿಯ ಕೋಶ್ಮೀಡರ್ 1924ರಲ್ಲಿ ನಿರೂಪಿಸಿದರು. ಆ ಅಂತರ ನೂರರಲ್ಲಿ ಎರಡು ಪಾಲಿಗಿಂತ ಕಡಮೆಯಾದರೆ ವಸ್ತು ಕಾಣದೆಂದು ಇಟ್ಟುಕೊಳ್ಳೋಣ. ಯಸಳೂರಿನ ಮಂಜಿನಲ್ಲಿ 300 ಮೀಟರಿನವರೆಗೆ ಮಾತ್ರ ಕಣ್ಣು ಹಾಯುವ ದಿನ, 100 ಮೀಟರ್ ಆಚೆಯ ಸಿಲ್ವರ್ ಮರದ ಅಂತರ ನೂರರಿಂದ 27ಕ್ಕೆ ಇಳಿದಿರುತ್ತದೆ. 200 ಮೀಟರಿನಲ್ಲಿ 7ಕ್ಕೆ. 300 ಮೀಟರಿನಲ್ಲಿ 2ಕ್ಕೆ. ಪ್ರತಿ ನೂರು ಮೀಟರಿಗೂ ಇದ್ದುದರ ಕಾಲುಭಾಗಕ್ಕಿಂತ ತುಸು ಹೆಚ್ಚು ಮಾತ್ರ ಉಳಿಯುತ್ತದೆಂಬುದನ್ನು ಗಮನಿಸಬೇಕು.

ಹುಟ್ಟಿದಂದಿನಿಂದ ನಮ್ಮ ಮಿದುಳು ಈ ಪಾಠವನ್ನು ಕಲಿತಿದೆ: ಮಸುಕಾದದ್ದು ದೂರದ್ದು. ಚಿತ್ರಕಾರರೂ ಇದನ್ನು ಬಲ್ಲರು. ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಇದನ್ನು ಬರೆದಿಟ್ಟಿದ್ದಾನೆ. ಆದರೆ ನಿಜವಾದ ಮಂಜಿನಲ್ಲಿ ಹತ್ತಿರದ ವಸ್ತುವೂ ಮಸುಕಾಗುವುದರಿಂದ ಮಿದುಳು ಮೋಸಹೋಗುತ್ತದೆ. ಹೆಲೆನ್ ರಾಸ್ ಎಂಬ ಮನಶ್ಶಾಸ್ತ್ರಜ್ಞೆ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮಂಜಿನಲ್ಲಿ ನಿಂತವರು ವಸ್ತುಗಳ ದೂರವನ್ನು ಇರುವುದಕ್ಕಿಂತ ಹೆಚ್ಚಾಗಿ ಅಂದಾಜು ಮಾಡಿದರು. ದೂರ ಹೆಚ್ಚೆಂದು ಬಗೆದ ಮೇಲೆ, ಕಣ್ಣಿನಲ್ಲಿ ಅಷ್ಟೇ ಜಾಗ ಹಿಡಿಯುವ ವಸ್ತುವನ್ನು ದೊಡ್ಡದೆಂದೇ ಬಗೆಯಬೇಕಷ್ಟೆ. ಮುಂಜಾನೆಯ ಗುಡ್ಡ ಪರ್ವತವಾಗುವ ಗುಟ್ಟು ಇದು.

ವೇಗದ ವಿಷಯದಲ್ಲಿ ಕಥೆ ಇನ್ನೂ ಸ್ವಾರಸ್ಯವಾಗಿದೆ. 1998ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ವರದಿಯಂತೆ, ಕೃತಕ ವಾಹನದಲ್ಲಿ ಕುಳಿತವರು ತೆರೆಯ ಮೇಲಿನ ದೃಶ್ಯ ಮಬ್ಬಾದಾಗ ತಾವು ನಿಧಾನವಾಗಿ ಹೋಗುತ್ತಿದ್ದೇವೆಂದು ಭ್ರಮಿಸಿ ವೇಗ ಹೆಚ್ಚಿಸಿದರು. 2012ರಲ್ಲಿ ಜರ್ಮನಿಯ ಟ್ಯೂಬಿಂಗೆನ್ನಿನ ಸಂಶೋಧಕರು ಇದನ್ನು ಮತ್ತೆ ಪರೀಕ್ಷಿಸಿದರು. ಗಾಜಿನ ಮೇಲೆ ಆವಿ ಕೂತಂತೆ ಎಲ್ಲವೂ ಒಂದೇ ಸಮನೆ ಮಸುಕಾದರೆ ಮಾತ್ರ ಹಾಗಾಗುತ್ತದೆ; ದೂರ ಹೆಚ್ಚಿದಂತೆ ಮಸುಕೂ ಹೆಚ್ಚುವ ಮಂಜಿನಲ್ಲಿ, ವೇಗ ಇರುವುದಕ್ಕಿಂತ ಹೆಚ್ಚೆಂದು ತೋರುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ಈಗ 'ಸ್ಯಾನ್ ಆಂಡ್ರಿಯಾಸ್' ಆಟವನ್ನು ನೆನೆಯಿರಿ. ಮಂಜು ದೂರವನ್ನು ಹಿಗ್ಗಿಸಿತು, ವೇಗವನ್ನೂ ಹಿಗ್ಗಿಸಿತು. ಹಳ್ಳಿಗಾಡಿನ ದಾರಿಗಳನ್ನು ಬಿಸಿಲೆ ಘಾಟಿಯಂತೆ ಬಳಸಿ ಬಳಸಿ ಎಳೆದದ್ದು ಮಿಕ್ಕ ಕೆಲಸವನ್ನು ಮಾಡಿತು. ಬಡಯಂತ್ರದ ಕೊರತೆಯನ್ನು ಮುಚ್ಚಲು ಹೊದಿಸಿದ ಕಂಬಳಿಯೇ ನಾಡಿಗೆ ವೈಶಾಲ್ಯವನ್ನು ಕೊಟ್ಟಿತ್ತು. ಹೊಸ ಯಂತ್ರಕ್ಕೆ ಕೊರತೆಯಿಲ್ಲ. ಆದ್ದರಿಂದ ಕಂಬಳಿ ಬೇಡವೆಂದರು.

ಇನ್ನೊಂದು ಉದಾಹರಣೆ ಇದಕ್ಕಿಂತ ಚಿಕ್ಕದು, ಆದರೆ ನಮಗೆ ಇದೇ ಹೆಚ್ಚು ಮಾತನಾಡುವಂತೆ ತೋರುತ್ತದೆ. ಹಳೆಯ ಆಟದಲ್ಲಿ 'ಟಫ್ ನಟ್ ಡೋನಟ್ಸ್' ಎಂಬ ತಿಂಡಿಯಂಗಡಿಯಿತ್ತು. ಅದರ ನೆತ್ತಿಯ ಮೇಲೆ ಆರು ಮೂಲೆಯ, ಬೋಲ್ಟಿಗೆ ಹಾಕುವಂಥ ಒಂದು ದೊಡ್ಡ ನಟ್ಟು. 'ಗಟ್ಟಿ ನಟ್ಟು' ಎಂಬ ಹೆಸರಿನ ಶ್ಲೇಷೆಯೇ ಅಲ್ಲಿನ ತಮಾಷೆ. ನವೀಕರಣದಲ್ಲಿ ಮೂಲೆಗಳನ್ನೆಲ್ಲ ನಯಗೊಳಿಸುವಾಗ ಆ ನಟ್ಟು ಗುಂಡಗಿನ ಬಳೆಯಾಗಿಹೋಯಿತು. ಹಳೆಯ ಯಂತ್ರದಲ್ಲಿ ವೃತ್ತವನ್ನು ಬಿಡಿಸಲು ಶಕ್ತಿ ಸಾಲದೆ ಮೂಲೆಗಳುಳಿದ ವಸ್ತುಗಳು ನೂರಾರು. ಈ ನಟ್ಟಿನ ಮೂಲೆಗಳು ಮಾತ್ರ ಬೇಕೆಂದೇ ಇಟ್ಟವು. ನಯಗೊಳಿಸುವ ಕ್ರಮಕ್ಕೆ ಈ ಭೇದ ತಿಳಿಯದು. ಚಿತ್ರಗಳನ್ನು ಹಿಗ್ಗಿಸಲು ಕೃತಕ ಬುದ್ಧಿಮತ್ತೆಯನ್ನೂ ಬಳಸಿದ್ದರು. ಅಂಗಡಿ ಫಲಕಗಳಲ್ಲಿ ಕಾಗುಣಿತ ಕೆಟ್ಟ ಹೆಸರುಗಳನ್ನು ಜನ ಹುಡುಕಿ ಹುಡುಕಿ ನಕ್ಕರು.

ನಕ್ಕವರು ಯಾರು ಎಂಬುದನ್ನು ಯೋಚಿಸಬೇಕು. ಆಟವನ್ನು ದ್ವೇಷಿಸುವವನಿಗೆ ನಟ್ಟಿನ ಮೂಲೆ ಎಷ್ಟಿತ್ತೆಂಬುದು ನೆನಪಿರುವುದಿಲ್ಲ. 2021ರ ಫೆಬ್ರವರಿಯಲ್ಲಿ ಕೆಲವು ಅಭಿಮಾನಿಗಳು ಮೂರನೆಯ ಆಟವನ್ನೂ 'ವೈಸ್ ಸಿಟಿ'ಯನ್ನೂ ಬಿಚ್ಚಿ ಅಭ್ಯಸಿಸಿ, ದೋಷಗಳನ್ನು ತಿದ್ದಿ, ತಾವೇ ಬರೆದ ಕ್ರಮವಿಧಿಯನ್ನು ಹಂಚಿದರು. ಒಡೆತನದ ಸಂಸ್ಥೆ ಅದೇ ವರ್ಷ ಅವರ ಮೇಲೆ ಮೊಕದ್ದಮೆ ಹೂಡಿತು. ಇಷ್ಟಾದರೂ ಅಭಿಮಾನಿಗಳು ಮುಂದಿನ ಆಟಕ್ಕಾಗಿ ಕಾಯುವುದನ್ನು ಬಿಡಲಿಲ್ಲ. ಒಲವೂ ಮುನಿಸೂ ತಕ್ಕಡಿಯ ಎರಡು ತಟ್ಟೆಗಳು, ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು ಎಂದು ಸಾಮಾನ್ಯರು ಭಾವಿಸುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಕಾಸಿಯೊಪ್ಪೊ ಮತ್ತು ಅವರ ಸಂಗಡಿಗರು ಇದನ್ನು ಒಪ್ಪಲಿಲ್ಲ. ಅವರ ಮತದಂತೆ ಇವೆರಡೂ ಬೇರೆ ಬೇರೆ ಮಾಪಕಗಳು, ಒಮ್ಮೆಗೇ ಎರಡೂ ಏರಬಹುದು. 2001ರಲ್ಲಿ ಪ್ರಕಟವಾದ ಪರೀಕ್ಷೆಗಳಲ್ಲಿ, ವಿದ್ಯಾರ್ಥಿನಿಲಯವನ್ನು ಬಿಟ್ಟು ಹೊರಡುವ ದಿನದ ಮತ್ತು ಪದವಿಪ್ರದಾನದ ದಿನದ ಕಾಲೇಜು ವಿದ್ಯಾರ್ಥಿಗಳನ್ನು ವಿಚಾರಿಸಿದಾಗ, ಸಾಧಾರಣ ದಿನಗಳಿಗಿಂತ ಹೆಚ್ಚು ಮಂದಿ ಒಂದೇ ಕಾಲದಲ್ಲಿ ಸಂತೋಷವನ್ನೂ ದುಃಖವನ್ನೂ ಅನುಭವಿಸುತ್ತಿರುವುದಾಗಿ ತಿಳಿಸಿದರು. ತವರಿನಿಂದ ಹೆಣ್ಣನ್ನು ಕಳುಹಿಸಿಕೊಡುವ ನಮ್ಮ ಮನೆಗಳಲ್ಲಿ ಇದಕ್ಕೆ ಪ್ರಯೋಗಶಾಲೆ ಬೇಕಿರಲಿಲ್ಲ.

ಸ್ಮರಣೆಯ ಪಾತ್ರವೂ ಇದರಲ್ಲಿದೆ. ಮನಸ್ಸು ಕಂಡದ್ದನ್ನು ಛಾಯಾಚಿತ್ರದಂತೆ ತೆಗೆದಿಡುವುದಿಲ್ಲ, ನೆನೆದಾಗಲೆಲ್ಲ ಹೊಸದಾಗಿ ಕಟ್ಟುತ್ತದೆ ಎಂದು ಬಾರ್ಟ್ಲೆಟ್ 1932ರಲ್ಲಿಯೇ ತೋರಿಸಿದ್ದರು. ಹಳೆಯ ಗಾಜಿನ ಕೊಳವೆಯ ಪರದೆಯಲ್ಲಿ ಒರಟು ಅಂಚುಗಳು ಕಲಸಿ ಮೃದುವಾಗುತ್ತಿದ್ದವು. ಮಂಜಿನಾಚೆ ಏನಿದೆಯೆಂಬುದನ್ನು ಹದಿನೈದರ ಹುಡುಗನ ಕಲ್ಪನೆ ತುಂಬುತ್ತಿತ್ತು. ಇಪ್ಪತ್ತು ವರ್ಷಗಳ ಮೇಲೆ ಅವನು ಹೊಸ ಚಿತ್ರವನ್ನು ಹೋಲಿಸುವುದು ಹಳೆಯ ಚಿತ್ರದೊಂದಿಗಲ್ಲ, ಈ ಕಟ್ಟಡದೊಂದಿಗೆ. ಅಲ್ಲದೆ ಮಿದುಳಿನಲ್ಲಿ ಡೋಪಮೀನನ್ನು ಸ್ರವಿಸುವ ಕೋಶಗಳು ಸ್ಪಂದಿಸುವುದು ಫಲ ಎಷ್ಟು ದೊರೆಯಿತೆಂಬುದಕ್ಕಲ್ಲ, ನಿರೀಕ್ಷಿಸಿದ್ದಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಮೆ ದೊರೆಯಿತೆಂಬುದಕ್ಕೆ ಎಂದು ವುಲ್ಫ್ರಮ್ ಷುಲ್ಟ್ಸ್ ಮೊದಲಾದವರು 1997ರಲ್ಲಿ ವಿವರಿಸಿದರು. ಕಾಯುವಿಕೆ ಉದ್ದವಾದಷ್ಟೂ ನಿರೀಕ್ಷೆ ಬಲಿಯುತ್ತದೆ. ಈ ಮಾಲೆಯ ಐದನೆಯ ಆಟ ಬಂದದ್ದು 2013ರ ಸೆಪ್ಟೆಂಬರಿನಲ್ಲಿ. ಅದರ 20 ಕೋಟಿಗೂ ಮಿಕ್ಕ ಪ್ರತಿಗಳು ಮಾರಾಟವಾಗಿವೆ. ಆರನೆಯದರ ಮೊದಲ ತುಣುಕುಚಿತ್ರ ಕಂಡದ್ದು 2023ರ ಡಿಸೆಂಬರಿನಲ್ಲಿ. 2025ಕ್ಕೆಂದು ಹೇಳಿದ್ದ ಬಿಡುಗಡೆಯನ್ನು 2026ರ ಮೇ ತಿಂಗಳಿಗೆ, ಅಲ್ಲಿಂದ ನವೆಂಬರ್ 19ಕ್ಕೆ ಮುಂದೂಡಿದರು.

ಕಾಯುವವರು ಮಾತ್ರವಲ್ಲ, ಕಟ್ಟುವವರಲ್ಲಿಯೂ ಕೆಲವರು ನಮ್ಮ ರಾಜ್ಯದಲ್ಲಿದ್ದಾರೆ. ಜಿ.ಟಿ.ಎ. ಹುಟ್ಟಿದ 1997ರಲ್ಲಿಯೇ ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು ಧ್ರುವ ಇಂಟರ್‌ಆಕ್ಟಿವ್ ಎಂಬ ಸಂಸ್ಥೆಯನ್ನು ಆರಂಭಿಸಿದರು; ಭಾರತದಲ್ಲಿ ವಿಡಿಯೊ ಆಟಗಳ ರಚನೆಗೆ ಕೈಹಾಕಿದವರಲ್ಲಿ ಅವರು ಮೊದಲಿಗರು. ರಾಕ್‌ಸ್ಟಾರ್ ಸಂಸ್ಥೆ 2016ರಲ್ಲಿ ಬೆಂಗಳೂರಿನಲ್ಲಿ ಶಾಖೆ ತೆರೆಯಿತು, 2019ರಲ್ಲಿ ಧ್ರುವವನ್ನು ಕೊಂಡು ತನ್ನೊಳಗೆ ಸೇರಿಸಿಕೊಂಡಿತು. ಸೈಬರ್ ಸೆಂಟರಿನಲ್ಲಿ ಕುಳಿತು 'ವೈಸ್ ಸಿಟಿ' ಆಡಿದ ತಲೆಮಾರಿನವರೇ ಇಂದು ಅಂಥ ಕಚೇರಿಗಳಲ್ಲಿ ಮರ, ಗೋಡೆ, ವಾಹನಗಳನ್ನು ರೂಪಿಸುವ ವಯಸ್ಸಿನವರು.

ಗದ್ದಲ ಎದ್ದ ಎಂಟೇ ದಿನಕ್ಕೆ, 2021ರ ನವೆಂಬರ್ 19ರಂದು, ರಾಕ್‌ಸ್ಟಾರ್ ಕ್ಷಮೆ ಕೇಳಿ, ಹಳೆಯ ಆಟಗಳನ್ನು ಕಂಪ್ಯೂಟರುಗಳಿಗಾಗಿ ತನ್ನ ಅಂಗಡಿಯಲ್ಲಿ ಮತ್ತೆ ಇಡುವುದಾಗಿ ಹೇಳಿತು. ಮಳೆಯನ್ನು ತಿದ್ದಿದರು, ಕೆಟ್ಟ ಕಾಗುಣಿತಗಳನ್ನು ಸರಿಪಡಿಸತೊಡಗಿದರು. 2024ರ ನವೆಂಬರಿನಲ್ಲಿ ಹೊರಬಂದ ತಿದ್ದುಪಡಿಯಲ್ಲಿ ಹಳೆಯ ಆಕಾಶದ ಬಣ್ಣವನ್ನೂ ಬೆಳಕನ್ನೂ ಮರಳಿ ತರುವ ಒಂದು ಗುಂಡಿಯನ್ನು ಒದಗಿಸಿದರು, ಮಂಜನ್ನೂ ಹಿಂದಿನಂತೆ ಹೊದಿಸಿದರು. ಮೂವತ್ತೆರಡು ಮೆಗಾಬೈಟಿನ ಯಂತ್ರ ಮಂಜನ್ನು ಹಾಕಿದ್ದು ಬೇರೆ ದಾರಿಯಿಲ್ಲದೆ. ಅದಕ್ಕಿಂತ ನೂರಾರು ಪಾಲು ಹೆಚ್ಚು ಸ್ಮೃತಿಯುಳ್ಳ ಈಗಿನ ಯಂತ್ರ, ದೂರದ ನಗರವನ್ನು ಬಿಡಿಸಬಲ್ಲದ್ದಾಗಿಯೂ, ಆ ನಗರವನ್ನು ಮಸುಕುಗೊಳಿಸಲು ತನ್ನ ಶಕ್ತಿಯನ್ನು ವೆಚ್ಚಮಾಡುತ್ತಿದೆ.