ಪೇಟಿಯ ಪಕ್ಕದ ಹಳೆಯ ಕೊರ್ಗ್

ಮೋರಖಂಡಿಯ ನಮ್ಮ ಮನೆಯಲ್ಲಿ ಪೇಟಿಯ (ಹಾರ್ಮೋನಿಯಂನ) ಪಕ್ಕ ಒಂದು ಹಳೆಯ ಸಿಂಥಸೈಜರ್ ಇದೆ. 1985ರಲ್ಲಿ ಜಪಾನಿನ ಕೊರ್ಗ್ ಕಂಪನಿ ಹೊರತಂದ ಡಿಡಬ್ಲ್ಯೂ-8000. ಇದು ಹೈಬ್ರಿಡ್ ವಾದ್ಯ: ಸ್ವರ ಹುಟ್ಟುವುದು ಚಿಪ್‌ನಲ್ಲಿ ಅಂಕಿಗಳಾಗಿ ಕೂತ 16 ಅಲೆಗಳಿಂದ, ಅದನ್ನು ಸೋಸುವ ಫಿಲ್ಟರ್ ಅನಲಾಗ್. ಆ ಫಿಲ್ಟರ್‌ನಲ್ಲೇ ಇದರ ಜೀವ. ಬಸವ ಜಯಂತಿಗೆ ವಚನಕ್ಕೆ ರಾಗ ಕೂರಿಸುವಾಗ ಷಡ್ಜ, ಪಂಚಮ ಹಿಡಿದು ಫಿಲ್ಟರ್ ಮೆಲ್ಲಗೆ ಮುಚ್ಚುತ್ತ ಬಂದರೆ ದನಿಯ ಚೂಪು ಕರಗಿ, ಹಾಡುವವರ ಗಂಟಲಿಗೆ ಜಾಗ ಸಿಗುತ್ತದೆ. "ತಮ್ಮಾ, ಇದಕ್ಕ ಉಸಿರು ಅದ ನೋಡು" ಎಂದಳು ಅಕ್ಕ.

ಹಳೆಯ ಅಪ್ಪಟ ಅನಲಾಗ್ ವಾದ್ಯಗಳಷ್ಟು ಇಂಥ ಹೈಬ್ರಿಡ್‌ಗಳಿಗೆ ಬೆಲೆಯಿಲ್ಲ, ನಮ್ಮಂಥವರ ಕೈಗೆಟುಕುತ್ತವೆ. ಆದರೆ ಪರೀಕ್ಷಿಸದೆ ದುಡ್ಡು ಕೊಡಬೇಡಿ. 61 ಕೀಗಳನ್ನೂ ಒಂದೊಂದಾಗಿ ಒತ್ತಿ. ಒಟ್ಟಿಗೆ 8 ಸ್ವರ ನುಡಿಯುವ ವಾದ್ಯವಿದು. ಸ್ವರಗಳನ್ನು ಸರದಿಯಲ್ಲಿ ನುಡಿಸಿದಾಗ ಎಂಟಕ್ಕೊಂದು ಮಂಕಾದರೆ ಒಳಗೊಂದು ವಾಯ್ಸ್ ಕೆಟ್ಟಿದೆ ಎಂದರ್ಥ. ಮೆಮೊರಿ ಬ್ಯಾಟರಿ ಸತ್ತಿದ್ದರೆ ಹೆದರಬೇಡಿ, ಬದಲಾಯಿಸಬಹುದು. ಜಪಾನಿನಿಂದ ಬಂದದ್ದು 100 ವೋಲ್ಟಿನದಾಗಿರಬಹುದು, ನಮ್ಮ ಗೋಡೆಯಲ್ಲಿರುವುದು 230. ಪ್ಲಗ್ ಹಾಕುವ ಮೊದಲು ಹಿಂಬದಿಯ ಚೀಟಿ ಓದಿ.