ದೂರ ಹೆಚ್ಚು, ಸಮಯ ಕಡಿಮೆ!

ಒಂದೇ ಊರಿಗೆ ಎರಡು ದಾರಿ. ಒಂದು 13,900 ಕಿ.ಮೀ., ಇನ್ನೊಂದು 15,300 ಕಿ.ಮೀ. ಬೇಗ ತಲುಪಬೇಕಾದರೆ ಯಾವುದನ್ನು ಹಿಡಿಯಬೇಕು? ಏಳನೇ ತರಗತಿಯ ಯಾವ ವಿದ್ಯಾರ್ಥಿಯನ್ನು ಕೇಳಿದರೂ ಥಟ್ಟನೆ ‘ಮೊದಲನೆಯದು’ ಎಂಬ ಉತ್ತರ ಬಂದೀತು. ಆದರೆ 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ವಿಮಾನವೊಂದು ಎರಡನೇ ದಾರಿಯಲ್ಲೇ ಹಾರಿತು. ಸುಮಾರು ಎರಡು ಗಂಟೆ ಉಳಿಸಿತು!

ಆ ವಿಮಾನ ಹೊರಟದ್ದು ದೆಹಲಿಯಿಂದ, ಇಳಿದದ್ದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಗೋಳದ ಮೇಲೆ ಈ ನಗರಗಳು ಹೆಚ್ಚುಕಡಿಮೆ ಎದುರುಬದುರು ಇವೆ. ಹೀಗಾಗಿ ಪಶ್ಚಿಮಕ್ಕೆ ಹೊರಟರೂ ತಲುಪಬಹುದು, ಪೂರ್ವಕ್ಕೆ ಹೊರಟರೂ ತಲುಪಬಹುದು. 2015ರ ಡಿಸೆಂಬರ್‌ನಲ್ಲಿ ಈ ತಡೆರಹಿತ ಸೇವೆ ಆರಂಭವಾದಾಗ ವಿಮಾನಗಳು ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದ ಮೇಲೆ ಹಾರುತ್ತಿದ್ದವು. ಮರುವರ್ಷ ಪೂರ್ವಕ್ಕೆ ತಿರುಗಿ, ಪೆಸಿಫಿಕ್ ದಾಟಿ, 15,300 ಕಿ.ಮೀ. ದೂರವನ್ನು ಹದಿನಾಲ್ಕೂವರೆ ಗಂಟೆಯಲ್ಲಿ ಕ್ರಮಿಸಲಾಯಿತು.

ಇದರ ಗುಟ್ಟು ಗಾಳಿಯಲ್ಲಿದೆ. ನೆಲದಿಂದ ಸುಮಾರು ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದ ಗಾಳಿ ಹೊಳೆಯಂತೆ ಹರಿಯುತ್ತದೆ. ಇದೇ ಜೆಟ್ ಪ್ರವಾಹ. ಉಷ್ಣವಲಯದ ಬಿಸಿ, ಧ್ರುವದ ಚಳಿ ಮತ್ತು ಭೂಮಿಯ ತಿರುಗುವಿಕೆ ಸೇರಿ ಇದನ್ನು ಹುಟ್ಟಿಸುತ್ತವೆ. 1920ರ ದಶಕದಲ್ಲಿ ಜಪಾನಿನ ವಾಸಬುರೊ ಓಯಿಶಿ ಬಲೂನುಗಳನ್ನು ಹಾರಿಬಿಟ್ಟು ಈ ಗಾಳಿಯನ್ನು ಅಳೆದಿದ್ದರು. ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಬರೆದುದರಿಂದ ಅದನ್ನು ಓದಿದವರು ಕಡಿಮೆ!

‘ಭೂಮಿಯೇ ಕೆಳಗೆ ತಿರುಗುತ್ತದಲ್ಲ, ಅದರಿಂದ ಸಮಯ ಉಳಿಯುವುದಿಲ್ಲವೇ?’ ಎಂದು ಮಕ್ಕಳು ಕೇಳುವುದುಂಟು. ಇಲ್ಲ. ಭೂಮಿಯ ಜೊತೆಗೆ ವಾತಾವರಣವೂ ತಿರುಗುತ್ತದೆ, ಅದರೊಳಗಿನ ವಿಮಾನವೂ ತಿರುಗುತ್ತದೆ.

ಹೊಳೆಯಲ್ಲಿ ದೋಣಿ ನಡೆಸುವವನಿಗೆ ಈ ಲೆಕ್ಕ ಗೊತ್ತು. ಹರಿವಿನ ಜೊತೆ ಹೋದರೆ ಸಲೀಸು, ಎದುರು ಹೋದರೆ ತ್ರಾಸ. ವಿಮಾನದ ವೇಗ ಗಂಟೆಗೆ 900 ಕಿ.ಮೀ., ಗಾಳಿಯ ವೇಗ 100 ಕಿ.ಮೀ. ಎಂದಿಟ್ಟುಕೊಳ್ಳೋಣ. ಎದುರುಗಾಳಿಯಲ್ಲಿ ನೆಲದ ಲೆಕ್ಕಕ್ಕೆ ಸಿಗುವುದು 800 ಮಾತ್ರ, 13,900 ಕಿ.ಮೀ. ದೂರಕ್ಕೆ ಹದಿನೇಳು ಗಂಟೆ ಮೀರುತ್ತದೆ. ಹಿಂಗಾಳಿ ಇದ್ದರೆ 1,000 ಸಿಗುತ್ತದೆ, 15,300 ಕಿ.ಮೀ. ದೂರಕ್ಕೆ ಹದಿನೈದು ಗಂಟೆ, ಹದಿನೆಂಟು ನಿಮಿಷ ಸಾಕು.

ಉಳಿಯುವುದು ಸಮಯವಷ್ಟೇ ಅಲ್ಲ, ಸಾವಿರಾರು ಲೀಟರ್ ಇಂಧನವೂ ಉಳಿಯುತ್ತದೆ. ಎದುರುಗಾಳಿ ಜೋರಾಗಿದ್ದರೆ ಹೆಚ್ಚು ಇಂಧನ ತುಂಬಬೇಕು. ಕೆಲವೊಮ್ಮೆ ಅದಕ್ಕಾಗಿ ಸರಕನ್ನೋ ಪ್ರಯಾಣಿಕರನ್ನೋ ಕಡಿಮೆ ಮಾಡಬೇಕಾಗುತ್ತದೆ. ಆದ್ದರಿಂದಲೇ ಪ್ರತಿ ಹಾರಾಟಕ್ಕೂ ಮುನ್ನ ಅಂದಿನ ಗಾಳಿ ನೋಡಿ ದಾರಿ ಗೊತ್ತುಮಾಡುತ್ತಾರೆ. ವಿದೇಶದಲ್ಲಿರುವ ಮಗಳನ್ನು ನೋಡಲು ಹೊರಟ ತಂದೆತಾಯಿ, ಟಿಕೆಟ್‌ನಲ್ಲಿ ಹೋಗುವ ಅವಧಿ ಒಂದು, ಬರುವ ಅವಧಿ ಇನ್ನೊಂದು ಇರುವುದನ್ನು ಕಂಡು ಗಾಬರಿಯಾಗಬೇಕಿಲ್ಲ.

ಮನೆಯಲ್ಲಿ ಮಾಡಲು ಒಂದು ಲೆಕ್ಕ: 9,000 ಕಿ.ಮೀ. ದೂರದ ಊರಿಗೆ ಅದೇ ವಿಮಾನ, ಅದೇ ಗಾಳಿಯಲ್ಲಿ, ಒಂದೇ ದಾರಿಯಲ್ಲಿ ಹೋಗಿಬರುತ್ತದೆ. ಹೋಗುವಾಗ ಕಳೆದುಕೊಂಡ ಸಮಯ ಬರುವಾಗ ಪೂರ್ತಿ ಸಿಗುತ್ತದೆಯೇ? ಸಿಗುವುದಿಲ್ಲ. ಗಾಳಿಯಿಲ್ಲದಿದ್ದರೆ ಒಟ್ಟು ಇಪ್ಪತ್ತು ಗಂಟೆ. ಗಾಳಿಯಿದ್ದರೆ ಹದಿನೈದು ನಿಮಿಷ ಹೆಚ್ಚು. ಏಕೆಂದು ಕಾಗದ, ಪೆನ್ಸಿಲ್ ಹಿಡಿದು ಕಂಡುಹಿಡಿಯಿರಿ.