ಹಿಮದಲ್ಲಿ ಪಾಠಾಂತರ: ಗ್ರೀನ್‌ಲೆಂಡಿನ ಎರಡು ಹಿಮಸ್ತಂಭಗಳ ಕಥೆ

1993ರ ಜುಲೈ ತಿಂಗಳಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪ್ರಬಂಧವು ಹವಾಮಾನ ವಿಜ್ಞಾನಿಗಳನ್ನು ತಲ್ಲಣಗೊಳಿಸಿತು. ಗ್ರೀನ್‌ಲೆಂಡಿನ ಹಿಮರಾಶಿಯ ನೆತ್ತಿಯಲ್ಲಿ ಯುರೋಪಿನ ಎಂಟು ದೇಶಗಳ ಸಂಶೋಧಕರು ಕೂಡಿ ಕೊರೆದು ತೆಗೆದ ಮಂಜುಗಡ್ಡೆಯ ಆಧಾರದ ಮೇಲೆ ಅದು ರಚಿತವಾಗಿತ್ತು. ಇಂದಿನ ಬೆಚ್ಚನೆಯ ಯುಗಕ್ಕೆ ಹಿಂದೆ, ಸುಮಾರು 1,30,000 ವರ್ಷಗಳಿಂದ 1,15,000 ವರ್ಷಗಳ ಹಿಂದಿನವರೆಗೆ, ಭೂಮಿ ಇನ್ನೊಂದು ಬೆಚ್ಚನೆಯ ಯುಗವನ್ನು ಕಂಡಿತ್ತು. ನೆದರ್ಲೆಂಡ್ಸಿನ ಒಂದು ನದಿಯ ಹೆಸರಿನಿಂದ ಅದನ್ನು ಈಮಿಯನ್ ಯುಗವೆಂದು ಕರೆಯುತ್ತಾರೆ. ಆಗ ಉತ್ತರ ಧ್ರುವದ ಪ್ರದೇಶವು ಇಂದಿಗಿಂತ ಹೆಚ್ಚು ಬೆಚ್ಚಗಿತ್ತು. ಸಮುದ್ರಮಟ್ಟ ಇಂದಿಗಿಂತ ಕನಿಷ್ಠ 5 ಮೀಟರ್ ಎತ್ತರದಲ್ಲಿತ್ತು. ಆ ಯುಗವು ಶಾಂತವಾಗಿರಲಿಲ್ಲ, ಅದರ ನಡುನಡುವೆ ಹವಾಮಾನವು ಕೆಲವೇ ದಶಕಗಳೊಳಗೆ ಹಿಮಯುಗದಂತಹ ಚಳಿಗೆ ಕುಸಿದು ಮತ್ತೆ ಏರುತ್ತಿತ್ತು ಎಂಬುದು ಆ ಪ್ರಬಂಧದ ವಾದ.

ಇದು ಕೇವಲ ಹಳೆಯ ಸಂಗತಿಯಾಗಿ ಉಳಿಯುವಂತಿರಲಿಲ್ಲ. ಬೇಸಾಯ, ನಗರ, ಲಿಪಿ, ರಾಜ್ಯ ಎಲ್ಲವೂ ಹುಟ್ಟಿಕೊಂಡದ್ದು ಕಳೆದ ಸುಮಾರು ಹತ್ತು ಸಾವಿರ ವರ್ಷಗಳ ಸ್ಥಿರವಾದ ಹವಾಮಾನದಲ್ಲಿ. ಬೆಚ್ಚನೆಯ ಯುಗವೆಂದರೆ ಸ್ಥಿರವಾದ ಯುಗ ಎಂಬ ನಂಬಿಕೆ ಅದರ ಹಿಂದೆ ಇತ್ತು. ಈಮಿಯನ್ ಯುಗದಲ್ಲಿ ಹಾಗಿರಲಿಲ್ಲವೆಂದಾದರೆ ಈ ಹತ್ತು ಸಾವಿರ ವರ್ಷಗಳ ಸ್ಥಿರತೆ ಒಂದು ಆಕಸ್ಮಿಕ ಭಾಗ್ಯವಷ್ಟೆ. ಭೂಮಿ ಇನ್ನಷ್ಟು ಕಾದರೆ ಆ ಭಾಗ್ಯ ಕೈಬಿಟ್ಟು ಹೋದೀತು. ಆದುದರಿಂದ ಆ ಓದು ಸರಿಯೋ ತಪ್ಪೋ ಎಂಬ ಪ್ರಶ್ನೆ ಬಹಳ ತೂಕದ್ದಾಗಿತ್ತು.

ಓದು ಎಂಬ ಮಾತನ್ನು ಇಲ್ಲಿ ಅಲಂಕಾರಕ್ಕಾಗಿ ಬಳಸಿಲ್ಲ. ಗ್ರೀನ್‌ಲೆಂಡಿನ ನಡುಭಾಗದಲ್ಲಿ ಬಿದ್ದ ಹಿಮ ಬೇಸಿಗೆಯಲ್ಲಿಯೂ ಸಾಮಾನ್ಯವಾಗಿ ಕರಗುವುದಿಲ್ಲ. ಒಂದು ವರ್ಷದ ಹಿಮದ ಮೇಲೆ ಮರುವರ್ಷದ ಹಿಮ ಕೂರುತ್ತದೆ. ಮೇಲಿನ ಭಾರಕ್ಕೆ ಕೆಳಗಿನದು ಒತ್ತಿಕೊಂಡು, ಸುಮಾರು 70-80 ಮೀಟರ್ ಆಳದಲ್ಲಿ ಗಟ್ಟಿಯಾದ ಮಂಜುಗಡ್ಡೆಯಾಗುತ್ತದೆ. ಹರಳುಗಳ ನಡುವೆ ಇದ್ದ ಗಾಳಿ ಆಗ ಸಣ್ಣ ಗುಳ್ಳೆಗಳಾಗಿ ಸೆರೆಯಾಗುತ್ತದೆ. ಪದರ ಇನ್ನೂ ಕೆಳಗಿಳಿದಂತೆ ತೆಳುವಾಗುತ್ತ ಹೋಗುತ್ತದೆ, ಏಕೆಂದರೆ ಹಿಮರಾಶಿ ತನ್ನ ಭಾರಕ್ಕೆ ತಾನೇ, ಹಿಟ್ಟಿನ ಮುದ್ದೆಯ ಹಾಗೆ, ನಿಧಾನವಾಗಿ ಬದಿಗೆ ಹರಿಯುತ್ತದೆ. ಟೊಳ್ಳಾದ ಉಕ್ಕಿನ ಕೊಳವೆಯ ತುದಿಗೆ ಅಲಗುಗಳನ್ನು ಜೋಡಿಸಿ ಇದನ್ನು ಮೇಲಿನಿಂದ ಕೆಳಕ್ಕೆ ಕೊರೆದರೆ ಸುಮಾರು 10 ಸೆಂಟಿಮೀಟರ್ ದಪ್ಪದ ಕಂಬ ತುಂಡುತುಂಡಾಗಿ ಮೇಲೆ ಬರುತ್ತದೆ. ಇದೇ ಹಿಮಸ್ತಂಭ. ಮೇಲ್ಭಾಗದಲ್ಲಿ ಮರದ ಬಳೆಗಳಂತೆ ಇದರ ವರ್ಷಗಳನ್ನು ಎಣಿಸಬಹುದು. ಐಸ್‌ಲೆಂಡಿನ ಲಾಕಿ ಜ್ವಾಲಾಮುಖಿ 1783ರಲ್ಲಿ ಸಿಡಿದಾಗಿನ ಆಮ್ಲ, ಇಂಡೋನೇಷ್ಯಾದ ತಂಬೋರಾ 1815ರಲ್ಲಿ ಸಿಡಿದಾಗಿನ ಆಮ್ಲ ಆಯಾ ಪದರದಲ್ಲಿಯೇ ಸಿಗುವುದರಿಂದ ಎಣಿಕೆಯನ್ನು ತಾಳೆ ನೋಡುವುದಕ್ಕೂ ಅವಕಾಶವಿದೆ. ಶಾಸನದಲ್ಲಿ ಶಕವರ್ಷದ ಜೊತೆಗೆ ಸಂವತ್ಸರ, ತಿಥಿ, ವಾರಗಳನ್ನು ಕೊಟ್ಟಿದ್ದರೆ ಒಂದರಿಂದ ಇನ್ನೊಂದನ್ನು ಪರೀಕ್ಷಿಸಿಕೊಳ್ಳುವಂತೆ.

ಕಾಲವನ್ನು ಹೀಗೆ ಗುರುತಿಸಬಹುದಾದರೂ ಹಳೆಯ ಕಾಲದ ಚಳಿಯನ್ನು ಅಳೆಯುವ ಬಗೆ ಯಾವುದು? ಇದಕ್ಕೆ ಉತ್ತರ ಹೊಳೆದದ್ದು ಧ್ರುವದಲ್ಲಿ ಅಲ್ಲ, ಕೋಪನ್‌ಹೇಗನ್ನಿನ ಒಂದು ಮನೆಯ ಹಿತ್ತಲಿನಲ್ಲಿ. ಡೆನ್ಮಾರ್ಕಿನ ಭೌತವಿಜ್ಞಾನಿ ವಿಲ್ಲಿ ಡಾನ್ಸ್‌ಗಾರ್ಡ್ 1952ರ ಜೂನ್ ತಿಂಗಳ ಒಂದು ಮಳೆಯ ದಿನ ಬಿಯರ್ ಬಾಟಲಿಗೆ ಆಲಿಕೆಯಿಟ್ಟು ಮಳೆನೀರು ಹಿಡಿದರು. ನೀರಿನ ಅಣುಗಳಲ್ಲಿ ಬಹುತೇಕ ಎಲ್ಲವುಗಳ ಆಕ್ಸಿಜನ್ ಪರಮಾಣುವಿನ ತೂಕ 16. ಸಾವಿರದಲ್ಲಿ ಸುಮಾರು ಎರಡರಲ್ಲಿ ಮಾತ್ರ ಅದು 18. ಭಾರವಾದ ಅಣು ಆವಿಯಾಗಲು ಹಿಂದೇಟು ಹಾಕುತ್ತದೆ, ಮೋಡದಿಂದ ಹನಿಯಾಗಿ ಬೀಳಲು ಮುಂದಾಗುತ್ತದೆ. ಬೆಚ್ಚನೆಯ ಕಡಲಿನಿಂದ ಹೊರಟ ಮೋಡ ಧ್ರುವದ ಕಡೆಗೆ ಸಾಗುತ್ತ ತಣಿದಷ್ಟೂ ಭಾರದ ಅಣುಗಳನ್ನು ದಾರಿಯಲ್ಲಿಯೇ ಕಳೆದುಕೊಳ್ಳುತ್ತದೆ. ಆದ್ದರಿಂದ ಹೆಚ್ಚು ಚಳಿಯಲ್ಲಿ ಬಿದ್ದ ಹಿಮದಲ್ಲಿ ಭಾರದ ಆಕ್ಸಿಜನ್ ಕಡಿಮೆ. ಮಳೆ ಮುಂದುವರಿದಂತೆ ಬಾಟಲಿಯ ನೀರಿನಲ್ಲಿ ಈ ಪ್ರಮಾಣ ಬದಲಾಗುವುದನ್ನು ಕಂಡ ಡಾನ್ಸ್‌ಗಾರ್ಡ್, ಗ್ರೀನ್‌ಲೆಂಡಿನ ಹಳೆಯ ಹಿಮದಲ್ಲಿ ಹಳೆಯ ಕಾಲದ ತಾಪಮಾನ ದಾಖಲಾಗಿರಲೇಬೇಕೆಂದು 1954ರಲ್ಲಿ ಬರೆದರು. ಅಂತಹ ಹಿಮ ಅವರ ಕೈಗೆ ಬರಲು ಮತ್ತೆ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಶೀತಲ ಸಮರದ ದಿನಗಳಲ್ಲಿ ಅಮೆರಿಕದ ಸೇನೆ ಗ್ರೀನ್‌ಲೆಂಡಿನ ಹಿಮದೊಳಗೆ ಸುರಂಗಗಳಲ್ಲಿ ಕಟ್ಟಿದ್ದ ಕ್ಯಾಂಪ್ ಸೆಂಚುರಿ ಎಂಬ ನೆಲೆಯಲ್ಲಿ 1966ರಲ್ಲಿ ಸುಮಾರು 1,390 ಮೀಟರ್ ಕೊರೆದು ಮೊದಲ ಬಾರಿಗೆ ತಳದ ನೆಲವನ್ನು ಮುಟ್ಟಲಾಯಿತು. ಯುದ್ಧಸಿದ್ಧತೆಯ ನೆಲೆಯೊಂದು ಹಿಮಯುಗದ ಚರಿತ್ರೆಯನ್ನು ಕೈಗಿತ್ತದ್ದು ವಿಚಿತ್ರವಾದರೂ ನಿಜ.

1980ರ ದಶಕದ ಕೊನೆಯಲ್ಲಿ ಹಿಮರಾಶಿಯ ಅತ್ಯುನ್ನತ ಸ್ಥಾನದಲ್ಲಿ, ಹರಿವು ಅತಿ ಕಡಿಮೆಯಿರುವ ಎಡೆಯಲ್ಲಿ, ಒಂದಲ್ಲ ಎರಡು ರಂಧ್ರಗಳನ್ನು ಕೊರೆಯುವ ನಿರ್ಧಾರವಾಯಿತು. ಯುರೋಪಿನವರ ಯೋಜನೆಗೆ ಗ್ರಿಪ್ ಎಂದು ಹೆಸರು. ಅದು 1992ರ ಜುಲೈಯಲ್ಲಿ 3,029 ಮೀಟರ್ ಆಳಕ್ಕೆ ತಲುಪಿತು. ಅಲ್ಲಿಂದ ಪಶ್ಚಿಮಕ್ಕೆ 28 ಕಿಲೋಮೀಟರ್ ದೂರದಲ್ಲಿ ಅಮೆರಿಕದವರ ಗಿಸ್ಪ್-2 ಯೋಜನೆ 1993ರ ಜುಲೈಯಲ್ಲಿ 3,053 ಮೀಟರ್ ಮುಟ್ಟಿತು. ಇಷ್ಟು ಹತ್ತಿರದಲ್ಲಿ, ಇಷ್ಟು ಹಣ ಸುರಿದು, ಒಂದೇ ಕೆಲಸವನ್ನು ಎರಡು ಬಾರಿ ಮಾಡುವುದು ದುಂದುವೆಚ್ಚದಂತೆ ತೋರಬಹುದು. ಆದರೆ ಒಂದೇ ಪ್ರತಿಯನ್ನು ನಂಬಿ ಗ್ರಂಥವನ್ನು ಅಚ್ಚಿಗೆ ಕೊಡುವುದರ ಅಪಾಯವನ್ನು ಬಲ್ಲವರು ಹಾಗೆ ಹೇಳಲಾರರು.

ಮೇಲಿನ ಹತ್ತರಲ್ಲಿ ಒಂಬತ್ತು ಪಾಲು ಎರಡು ಸ್ತಂಭಗಳೂ ಅಕ್ಷರಶಃ ಒಂದನ್ನೊಂದು ಹೋಲುತ್ತಿದ್ದುವು. ಕಳೆದ ಹಿಮಯುಗದಲ್ಲಿ ಗ್ರೀನ್‌ಲೆಂಡ್ ಸುಮಾರು 25 ಬಾರಿ ಥಟ್ಟನೆ ಬೆಚ್ಚಗಾಗಿ ಮೆಲ್ಲನೆ ತಣಿದಿತ್ತು. ಕೊನೆಯ ಶೀತಕಾಲ ಸುಮಾರು 11,700 ವರ್ಷಗಳ ಹಿಂದೆ ಕೆಲವೇ ದಶಕಗಳಲ್ಲಿ ಮುಗಿದುಹೋಗಿತ್ತು. ಒಬ್ಬ ಮನುಷ್ಯನ ಆಯುಷ್ಯದೊಳಗೆ ಅಲ್ಲಿನ ತಾಪಮಾನ ಸುಮಾರು 10 ಡಿಗ್ರಿ ಏರಿತ್ತು. ಎರಡೂ ಸ್ತಂಭಗಳು ಇದನ್ನು ಒಂದೇ ಮಾತಿನಲ್ಲಿ ಹೇಳಿದ್ದರಿಂದ ಸಂಶಯಕ್ಕೆ ಎಡೆಯುಳಿಯಲಿಲ್ಲ. ಆದರೆ ತಳದ ಕಡೆಯ ಸುಮಾರು 300 ಮೀಟರಿನಲ್ಲಿ, ಅಂದರೆ ಒಂದು ಲಕ್ಷ ವರ್ಷಗಳಿಗೂ ಹಿಂದಿನ ಭಾಗದಲ್ಲಿ, ಹೋಲಿಕೆ ಇದ್ದಕ್ಕಿದ್ದಂತೆ ತಪ್ಪಿಹೋಯಿತು. ಗ್ರಿಪ್ ಸ್ತಂಭದಲ್ಲಿ ಏರು ಇದ್ದಲ್ಲಿ ಗಿಸ್ಪ್-2ರಲ್ಲಿ ಇಳಿತ. ಒಂದರಲ್ಲಿರುವ ಪದರ ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಈಮಿಯನ್ ಯುಗದ ಅಸ್ಥಿರತೆಯ ವಾದ ನಿಂತಿದ್ದುದು ಸರಿಯಾಗಿ ಈ ಭಾಗದ ಮೇಲೆಯೇ. ಮೊದಲ ಪ್ರಬಂಧ ಬಂದ ವರ್ಷದ ಡಿಸೆಂಬರಿನಲ್ಲಿಯೇ ಈ ವ್ಯತ್ಯಾಸವೂ ಪ್ರಕಟವಾಯಿತು.

ಓಲೆಗರಿಯ ಹಸ್ತಪ್ರತಿಗಳನ್ನು ಎದುರಿಗಿಟ್ಟುಕೊಂಡು ಕುಳಿತ ಸಂಪಾದಕನಿಗೆ ಈ ಪರಿಸ್ಥಿತಿ ಹೊಸದಲ್ಲ. ಎರಡು ಪ್ರತಿಗಳು ಹಲವು ಆಶ್ವಾಸಗಳವರೆಗೆ ಕೂಡಿ ನಡೆದು ಆಮೇಲೆ ಬೇರೆಬೇರೆ ದಾರಿ ಹಿಡಿಯುತ್ತವೆ. ಕಟ್ಟಿದ ದಾರ ಹರಿದು, ಗರಿಗಳು ಚೆದರಿ, ಅಂಕೆಯಿಲ್ಲದ ಗರಿಗಳನ್ನು ಯಾರೋ ಅಡ್ಡಾದಿಡ್ಡಿಯಾಗಿ ಮತ್ತೆ ಪೋಣಿಸಿರಬಹುದು. ಪ್ರತಿಯೊಂದು ಗರಿಯೂ ಪ್ರಾಮಾಣಿಕವೇ, ತಪ್ಪಿರುವುದು ಅನುಕ್ರಮ. ಹಿಮದ ತಳದಲ್ಲಿ ಆದದ್ದು ಇದೇ. ಕೆಳಗಿನ ಬಂಡೆ ಸಮತಲವಲ್ಲ. ಹಿಮಯುಗದ ಮಂಜುಗಡ್ಡೆ ಬೆಚ್ಚನೆಯ ಯುಗದ್ದಕ್ಕಿಂತ ಮೆದು, ಬೇಗ ಹರಿಯುತ್ತದೆ. ಹೀಗೆ ಬೇರೆಬೇರೆ ವೇಗದಲ್ಲಿ ಜಾರುವ ಪದರಗಳು ಮಡಿಸಿಕೊಂಡು, ಮಗುಚಿ, ಹಳೆಯದು ಹೊಸದರ ಮೇಲೆ ಬರಬಹುದು. ಗಿಸ್ಪ್-2ರ ಆಳದ ತುಂಡುಗಳಲ್ಲಿ ಓರೆಯಾದ ಪದರಗಳೂ ಸಣ್ಣ ಮಡಿಕೆಗಳೂ ಬರಿಗಣ್ಣಿಗೇ ಕಾಣುತ್ತಿದ್ದುವು. ಗ್ರಿಪ್ ಓದಿನಲ್ಲಿ ಬೆಚ್ಚನೆಯ ಯುಗದ ನಡುವೆ ಬಂದಂತೆ ತೋರಿದ ಚಳಿ, ಬೇರೆ ಕಾಲದ ಪದರ ಅಲ್ಲಿಗೆ ಬಂದು ಸೇರಿದ್ದರ ಫಲವಾಗಿರಬಹುದು. ಗ್ರಂಥಸಂಪಾದನೆಯ ಭಾಷೆಯಲ್ಲಿ ಹೇಳುವುದಾದರೆ ಅದು ಪ್ರಕ್ಷಿಪ್ತ.

ಹಾಗೆಂದು ಸಿದ್ಧಪಡಿಸುವುದು ಹೇಗೆ? ಎರಡು ಪ್ರತಿಗಳೂ ಕೆಟ್ಟಿದ್ದರೆ ಅವೆರಡರ ಹೋಲಿಕೆಯಿಂದ ದೋಷವಿದೆ ಎಂದಷ್ಟೇ ತಿಳಿಯುತ್ತದೆ, ಸರಿಯಾದ ಪಾಠ ಯಾವುದೆಂದು ತಿಳಿಯುವುದಿಲ್ಲ. ಅಂತಹ ಕಡೆ ಕನ್ನಡದ ಸಂಪಾದಕರು ಮಲ್ಲಿಕಾರ್ಜುನನ 'ಸೂಕ್ತಿಸುಧಾರ್ಣವ'ದಂತಹ ಸಂಕಲನದಲ್ಲಿ ಉದ್ಧೃತವಾದ ಪದ್ಯಗಳ ಕಡೆಗೆ ನೋಡುತ್ತಾರೆ, ಏಕೆಂದರೆ ಆ ಸಾಕ್ಷಿ ಬೇರೆ ದಾರಿಯಿಂದ ಬಂದದ್ದು. ಹಿಮದಲ್ಲಿ ಅಂತಹ ಹೊರಗಿನ ಸಾಕ್ಷಿ ಗುಳ್ಳೆಗಳಲ್ಲಿ ಸಿಕ್ಕಿತು. ಹಿಮದ ನೀರು ಆಯಾ ಊರಿನ ಚಳಿಯನ್ನು ಹೇಳುತ್ತದೆ. ಆದರೆ ಗುಳ್ಳೆಯ ಗಾಳಿ ಇಡೀ ಭೂಮಿಗೆ ಸೇರಿದ್ದು. ಗಾಳಿ ಒಂದೆರಡು ವರ್ಷಗಳಲ್ಲಿ ಉತ್ತರದಿಂದ ದಕ್ಷಿಣದವರೆಗೆ ಬೆರೆತುಹೋಗುವುದರಿಂದ ಒಂದು ಕಾಲದ ಮೀಥೇನ್ ಪ್ರಮಾಣ ಎರಡು ಧ್ರುವಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಆಗಿರಬೇಕು. ದಕ್ಷಿಣದಲ್ಲಿ, ಅಂಟಾರ್ಕ್ಟಿಕದ ನಡುಗಡ್ಡೆಯಂತಿರುವ ರಷ್ಯದ ವೊಸ್ತೊಕ್ ನೆಲೆಯಲ್ಲಿ, ಈಮಿಯನ್ ಕಾಲದ ಪದರಗಳು ತಳದಿಂದ ಬಹಳ ಮೇಲೆ ಅನುಕ್ರಮ ತಪ್ಪದೆ ಉಳಿದಿದ್ದುವು. ಫ್ರಾನ್ಸ್, ಸ್ವಿಟ್ಜರ್ಲೆಂಡ್, ಅಮೆರಿಕಗಳ ಸಂಶೋಧಕರು ಕೂಡಿ ಈ ಹೋಲಿಕೆಯನ್ನು ನಡೆಸಿ 1997ರಲ್ಲಿ ಪ್ರಕಟಿಸಿದರು. ವೊಸ್ತೊಕ್ ಗಾಳಿಯಲ್ಲಿ ಇಲ್ಲದ ಏರಿಳಿತಗಳು ಗ್ರೀನ್‌ಲೆಂಡಿನ ತಳದಲ್ಲಿ ಕಾಣುತ್ತಿದ್ದುವು. ಒಂದೇ ಆಕಾಶದ ಗಾಳಿ ಒಂದೇ ಕಾಲದಲ್ಲಿ ಎರಡು ಮಾತು ಆಡಲಾರದು. ಗ್ರೀನ್‌ಲೆಂಡಿನ ತಳದಲ್ಲಿ ಬೇರೆಬೇರೆ ಕಾಲದ ಪದರಗಳು ಬೆರೆತಿವೆ ಎಂಬುದು ಇದರಿಂದ ಖಚಿತವಾಯಿತು.

ಇಷ್ಟು ವರ್ಷಗಳ ಮೇಲೆ ಮತ್ತೆ ಪರೀಕ್ಷಿಸಲು ಸಾಧ್ಯವಾದದ್ದು ಸ್ತಂಭದ ಒಂದು ಭಾಗವನ್ನು ಬಳಸದೆ ಕಾಯ್ದಿಡುವ ಪದ್ಧತಿಯಿಂದ. ಕೋಪನ್‌ಹೇಗನ್ ಮತ್ತು ಡೆನ್ವರ್ ನಗರಗಳಲ್ಲಿ ಇಂತಹ ಹಿಮಭಂಡಾರಗಳಿವೆ. ಭಾರತದಲ್ಲಿ ಅದಕ್ಕೆ ಗೋವೆಯ ವಾಸ್ಕೋ ನಗರದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನ ಕೇಂದ್ರವನ್ನು ನೋಡಬೇಕು. ಅಂಟಾರ್ಕ್ಟಿಕದಲ್ಲಿ ಭಾರತೀಯರು ಕೊರೆದ ಹಿಮಸ್ತಂಭಗಳು ಅಲ್ಲಿನ ಶೀತಕೋಣೆಯಲ್ಲಿ ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿರುತ್ತವೆ. ಗೋಡೆಯ ಆಚೆ ಗೋವೆಯ ಸೆಕೆ. ವಿದ್ಯುತ್ತು ಕೈಕೊಟ್ಟರೆ ಕರಗಿಹೋಗುವ ಗ್ರಂಥಾಲಯವೆಂದರೆ ಇದೇ.

ಗ್ರೀನ್‌ಲೆಂಡಿನ ಸರಿಯಾದ ಪಾಠಕ್ಕಾಗಿ ಮೂರನೆಯ ಪ್ರತಿ ಬೇಕಾಯಿತು. ತಳ ಹೆಚ್ಚು ಸಮತಟ್ಟಾಗಿರುವ ಎಡೆಯನ್ನು ಹುಡುಕಿ, ಗ್ರಿಪ್ ಸ್ಥಳದಿಂದ ಉತ್ತರಕ್ಕೆ 300 ಕಿಲೋಮೀಟರಿಗೂ ದೂರದಲ್ಲಿ, ನಾರ್ತ್‌ಗ್ರಿಪ್ ಎಂಬ ಕೊರೆತ 1996ರಲ್ಲಿ ಆರಂಭವಾಯಿತು. ನಡುವೆ ಕೊರೆಯುವ ಯಂತ್ರ ರಂಧ್ರದಲ್ಲಿಯೇ ಸಿಕ್ಕಿಹಾಕಿಕೊಂಡು, ಹೊಸ ರಂಧ್ರವನ್ನು ಮೊದಲಿನಿಂದ ಕೊರೆಯಬೇಕಾಯಿತು. 2003ರ ಜುಲೈಯಲ್ಲಿ 3,085 ಮೀಟರ್ ಆಳದಲ್ಲಿ ತಳ ಸಿಕ್ಕಿತು. ಅಲ್ಲಿ ಇನ್ನೊಂದು ನಿರಾಶೆ ಕಾದಿತ್ತು: ಭೂಮಿಯೊಳಗಿನ ಶಾಖಕ್ಕೆ ತಳದ ಪದರಗಳು ಕರಗಿ, ಈಮಿಯನ್ ಯುಗದ ಆರಂಭದ ಭಾಗ ಅಳಿದುಹೋಗಿತ್ತು. ಆದರೆ ಆ ಕರಗುವಿಕೆಯೇ ಒಂದು ಉಪಕಾರವನ್ನೂ ಮಾಡಿತ್ತು. ತಳ ಕರಗಿ ಹೋಗುತ್ತಿದ್ದುದರಿಂದ ಮೇಲಿನ ಪದರಗಳು ಅಷ್ಟಾಗಿ ತೆಳುವಾಗದೆ, ಮಡಿಸಿಕೊಳ್ಳದೆ ಉಳಿದಿದ್ದುವು. ಗೆದ್ದಲು ಕೊನೆಯ ಗರಿಗಳನ್ನು ತಿಂದಿತ್ತು, ಉಳಿದವುಗಳ ಕ್ರಮ ಕೆಟ್ಟಿರಲಿಲ್ಲ. ಹೀಗೆ 1,23,000 ವರ್ಷಗಳ ಹಿಂದಿನವರೆಗಿನ ಅಖಂಡ ಪಾಠ ದೊರೆಯಿತು. ಈಮಿಯನ್ ಯುಗದ ಉತ್ತರಾರ್ಧ ಅದರಲ್ಲಿ ಬೆಚ್ಚಗೂ ಸ್ಥಿರವಾಗಿಯೂ ಇದೆ. ಹಿಮಯುಗದ ಕಡೆಗಿನ ಇಳಿತ ಸಾವಿರಾರು ವರ್ಷಗಳ ನಿಧಾನದ ಇಳಿತ. 1993ರ ಭಯಕ್ಕೆ ಆಧಾರವಿಲ್ಲವೆಂದಾಯಿತು.

ಇದರಿಂದ ಮೊದಲ ಪ್ರಬಂಧದವರನ್ನು ಹಗುರವಾಗಿ ಕಾಣಬೇಕಾಗಿಲ್ಲ. ಕಂಡದ್ದನ್ನು ಕಂಡಂತೆ ಪ್ರಕಟಿಸಿದ್ದರಿಂದಲೇ ಹೋಲಿಕೆ ಸಾಧ್ಯವಾಯಿತು. ನಾರ್ತ್‌ಗ್ರಿಪ್ ಕೊರೆದವರಲ್ಲಿ ಗ್ರಿಪ್ ಯೋಜನೆಯವರೇ ಮುಂಚೂಣಿಯಲ್ಲಿದ್ದರು.

ಅಳಿದುಹೋದ ಆರಂಭದ ಭಾಗಕ್ಕಾಗಿ ನಾಲ್ಕನೆಯ ಪ್ರಯತ್ನ ನಡೆಯಿತು. ಡೆನ್ಮಾರ್ಕಿನ ಡೋರ್ಟೆ ಡಾಲ್-ಜೆನ್ಸನ್ ಅವರ ನೇತೃತ್ವದಲ್ಲಿ 14 ದೇಶಗಳು ಕೂಡಿ ಗ್ರೀನ್‌ಲೆಂಡಿನ ವಾಯವ್ಯ ಭಾಗದಲ್ಲಿ ನೀಮ್ ಎಂಬ ರಂಧ್ರವನ್ನು ಕೊರೆದವು. 2010ರಲ್ಲಿ ತಳ ಮುಟ್ಟಿತು. ಇಲ್ಲಿಯೂ ಈಮಿಯನ್ ಪದರಗಳು ಮಡಿಸಿಕೊಂಡಿದ್ದುವು. ಈ ಬಾರಿ ಅದು ಯಾರನ್ನೂ ಮೋಸಗೊಳಿಸಲಿಲ್ಲ. ಗುಳ್ಳೆಗಳ ಮೀಥೇನ್ ಮತ್ತು ಆಕ್ಸಿಜನ್‌ಗಳನ್ನು ನಾರ್ತ್‌ಗ್ರಿಪ್ ಹಾಗೂ ಅಂಟಾರ್ಕ್ಟಿಕದ ಸ್ತಂಭಗಳೊಡನೆ ತಾಳೆ ನೋಡಿ, ಒಂದೊಂದು ತುಂಡಿನ ಕಾಲವನ್ನು ಗುರುತಿಸಿ, ಅದಲುಬದಲಾದ ಗರಿಗಳನ್ನು ಸರಿಯಾದ ಕ್ರಮದಲ್ಲಿ ಮತ್ತೆ ಜೋಡಿಸಲಾಯಿತು. 2013ರಲ್ಲಿ ಪ್ರಕಟವಾದ ಆ ಪಾಠದ ಪ್ರಕಾರ ಈಮಿಯನ್ ಆರಂಭದಲ್ಲಿ ಅಲ್ಲಿನ ತಾಪಮಾನ ಕಳೆದ ಒಂದು ಸಾವಿರ ವರ್ಷಗಳ ಸರಾಸರಿಗಿಂತ ಸುಮಾರು 8 ಡಿಗ್ರಿ ಹೆಚ್ಚು, ಅದರಲ್ಲಿ 4 ಡಿಗ್ರಿ ಆಚೀಚೆ ಇರಬಹುದು. ಆ ಕಾಲದ ಮಂಜುಗಡ್ಡೆಯಲ್ಲಿ ಮೇಲ್ಮೈಯ ಹಿಮ ಕರಗಿ ಇಂಗಿ ಮತ್ತೆ ಹೆಪ್ಪುಗಟ್ಟಿದ ಗುರುತುಗಳು ಮೇಲಿಂದ ಮೇಲೆ ಸಿಕ್ಕಿದುವು.

ಅಂತಹ ಕರಗು ಹೇಗಿರುತ್ತದೆ ಎಂಬುದನ್ನು ನೀಮ್ ಶಿಬಿರದವರು ಪುಸ್ತಕದಿಂದ ತಿಳಿಯಬೇಕಾಗಿ ಬರಲಿಲ್ಲ. 2012ರ ಜುಲೈ ತಿಂಗಳಿನಲ್ಲಿ, ಅವರು ಇನ್ನೂ ಅಲ್ಲಿಯೇ ಇದ್ದಾಗ, ಶಿಬಿರದ ಮೇಲೆ ಮಳೆ ಸುರಿಯಿತು. ಕಾಲಡಿಯ ಹಿಮ ತೊಯ್ದು ಕುಸಿಯಿತು; ಕರಗಿದ ನೀರು ಕೆಳಗಿಳಿದು, ತಣ್ಣನೆಯ ಪದರದಲ್ಲಿ ಗಾಜಿನಂತಹ ತೆಳು ಹಾಳೆಯಾಗಿ ಹೆಪ್ಪುಗಟ್ಟಿತು.